ಕಿರಾಣಿ ಅಂಗಡಿ ಮುಚ್ಚಿದರೆ ನಮಗೇನು ಹೋಯಿತು?

ಓಣಿಯ ಮೂಲೆಯಲ್ಲಿದ್ದ ಕಿರಾಣಿ ಅಂಗಡಿ ಮುಚ್ಚಿತೆಂಬ ಸುದ್ದಿ ಬಂದಾಗ ನಮ್ಮ ಬಂಧುಗಳಲ್ಲಿ ಅನೇಕರು ಆಡುವ ಮಾತೊಂದಿದೆ. "ಮುಚ್ಚಿದರೆ ಮುಚ್ಚಲಿ ಬಿಡಿ, ನಮಗೇನು ಹೋಯಿತು? ಫೋನು ಒತ್ತಿದರೆ ಬೇಳೆ ಬಾಗಿಲಿಗೇ ಬರುತ್ತದೆ, ದರವೂ ಕಡಿಮೆ" ಎನ್ನುತ್ತಾರೆ. ಹೀಗೆನ್ನುವವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಮನೆಯ ಬಾಡಿಗೆ, ಮಕ್ಕಳ ಫೀಜು, ಊರಿನಲ್ಲಿರುವ ತಂದೆತಾಯಿಗಳ ಔಷಧೋಪಚಾರ ಎಲ್ಲವನ್ನೂ ಒಂದು ಸಂಬಳದಲ್ಲಿ ಸರಿದೂಗಿಸುವ ಗೃಹಸ್ಥರು. ನಾಲ್ಕು ಕಾಸು ಉಳಿಯುವ ಕಡೆ ಅವರು ಹೋಗುವುದು ಸಹಜ. ಆದರೆ ಆ ನಾಲ್ಕು ಕಾಸು ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ, ಅದಕ್ಕೆ ಪ್ರತಿಯಾಗಿ ನಮ್ಮ ಕೈಯಿಂದ ಏನು ಹೋಗುತ್ತದೆ ಎಂಬ ಲೆಕ್ಕವನ್ನು ಒಮ್ಮೆಯಾದರೂ ಮಾಡಬೇಕಲ್ಲವೇ? ಕವಿಗೋಷ್ಠಿಯ ವರದಿಗೆ ನಮ್ಮ ಮಾಸಪತ್ರಿಕೆಯಲ್ಲಿ ಸ್ಥಳವಿರುವಂತೆ ಅಡುಗೆಮನೆಯ ಲೆಕ್ಕಕ್ಕೂ ಸ್ಥಳವಿರಬೇಕೆಂದು ನಾವು ನಂಬಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಹೈದರಾಬಾದಿನಂಥ ಮಹಾನಗರದಲ್ಲಿ ಸಂಖ್ಯೆಯಲ್ಲಿ ಸಣ್ಣವರಾದ ನಮ್ಮಂಥವರ ಮಾತಿಗೆ ಕಿವಿಗೊಡುವ ಮಾರುಕಟ್ಟೆಯೆಂದರೆ ಕಿರಾಣಿ ಅಂಗಡಿ, ಮತ್ತು ಅದರ ಬೆನ್ನಿಗೆ ನಿಂತಿರುವ ಸಗಟು ವ್ಯಾಪಾರಿ. ಈ ಎರಡೂ ಹೋದರೆ ನಮಗೆ ಸಾಮಾನು ಸಿಗುವುದಿಲ್ಲವೆಂದಲ್ಲ, ಸಾಮಾನು ಸಿಗುತ್ತದೆ. ಆದರೆ ಯಾವ ಸಾಮಾನು ಬೇಕೆಂದು ಹೇಳುವ ಅಧಿಕಾರ ನಮ್ಮಲ್ಲಿ ಉಳಿಯುವುದಿಲ್ಲ. ಹೋಗುವುದು ಇದು.

ನಾವು ಈ ನಗರಕ್ಕೆ ನಿನ್ನೆ ಮೊನ್ನೆ ಬಂದವರಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಜನರಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಓದಿಗೆಂದು, ನೌಕರಿಗೆಂದು, ಕಚೇರಿ ಕೆಲಸಕ್ಕೆಂದು, ವ್ಯಾಪಾರಕ್ಕೆಂದು ಬಂದವರು ಇಲ್ಲಿಯೇ ನೆಲೆನಿಂತರು. ಕಾಚಿಗುಡದಲ್ಲಿ ರೈಲ್ವೆ ನಿಲ್ದಾಣ ಎದ್ದದ್ದು 1916ರಲ್ಲಿ; ಮುಂದೆ ಅದರ ಆಸುಪಾಸಿನಲ್ಲಿಯೇ ನಮ್ಮ ನೃಪತುಂಗ ಶಾಲೆ, ನಮ್ಮ ಸಾಹಿತ್ಯ ಮಂದಿರ, ನಮ್ಮ ಮನೆಗಳು ಬೆಳೆದವು. 1998ರಲ್ಲಿ ಮಾದಾಪುರದ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಕರ್ನಾಟಕದ ಎಲ್ಲ ಮೂಲೆಗಳಿಂದಲೂ ಹೊಸ ತಲೆಮಾರಿನವರು ಬಂದು ಕೊಂಡಾಪುರ, ಗಚ್ಚಿಬೌಲಿಗಳ ಎತ್ತರದ ಕಟ್ಟಡಗಳಲ್ಲಿ ಸಂಸಾರ ಹೂಡಿದರು. ಹಳಬರಿಗೂ ಹೊಸಬರಿಗೂ ಭಾಷೆ ಒಂದೇ; ಆದರೆ ಊಟದ ಎಲೆ ಒಂದೇ ಅಲ್ಲ. ಕಲಬುರಗಿಯವರಿಗೆ ಬಿಳಿಜೋಳ, ಗುರೆಳ್ಳು, ಅಗಸಿ ಬೇಕು. ಮಂಗಳೂರಿನ ಕಡೆಯವರಿಗೆ ಕುಚ್ಚಲಕ್ಕಿ ಇಲ್ಲದೆ ಊಟವಾಗದು. ಮೈಸೂರು ಹಾಸನದವರು ರಾಗಿಹಿಟ್ಟಿನ ನಯವನ್ನು ಬೆರಳಲ್ಲಿ ಮುಟ್ಟಿ ನೋಡುವವರು. ಸಂಕ್ರಾಂತಿ ಬಂದರೆ ಎಲ್ಲರಿಗೂ ಎಳ್ಳುಬೆಲ್ಲ, ಸಕ್ಕರೆ ಅಚ್ಚು.

ಇವೆಲ್ಲ ಇಷ್ಟು ವರ್ಷ ಈ ನಗರದಲ್ಲಿ ನಮಗೆ ಹೇಗೆ ಸಿಕ್ಕವು? ಯಾವ ಸರ್ಕಾರವೂ ತಂದುಕೊಡಲಿಲ್ಲ. ಓಣಿಯ ಅಂಗಡಿಯವನನ್ನು ಕೇಳಿದೆವು, ಅವನು ತರಿಸಿಕೊಟ್ಟ. ಅವನು ಕನ್ನಡಿಗನೇ ಆಗಿರಬೇಕೆಂದೇನೂ ಇರಲಿಲ್ಲ. ತೆಲುಗಿನವನೋ ಮಾರವಾಡಿಯೋ ಇರಬಹುದು. ಹತ್ತು ಮನೆಯವರು ಗುರೆಳ್ಳು ಕೇಳಿದರೆ, ಮುಂದಿನ ಸಲ ಬೇಗಂ ಬಜಾರಿಗೋ ಉಸ್ಮಾನ್‌ಗಂಜಿಗೋ ಹೋದಾಗ ಐದು ಕಿಲೋ ಕಟ್ಟಿಸಿಕೊಂಡು ಬರುತ್ತಿದ್ದ. ಮಾರಾಟವಾದರೆ ಹತ್ತು ಕಿಲೋ, ಆಗದಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತು. ಸಗಟು ವ್ಯಾಪಾರಿಗೂ ಹಾಗೆಯೇ: ಹತ್ತು ಅಂಗಡಿಯವರು ಕೇಳಿದ್ದನ್ನು ಅವನು ಕಲಬುರಗಿಯಿಂದಲೋ ಬ್ಯಾಡಗಿಯಿಂದಲೋ ತರಿಸುತ್ತಿದ್ದ. ಹೀಗೆ ಒಬ್ಬ ಗೃಹಿಣಿಯ ಬಾಯಿಂದ ಹೊರಟ ಮಾತು ಎರಡು ಮೂರು ಕೈ ದಾಟಿ ಒಂದು ಮಾಲಾಗಿ ಅವಳ ಮನೆಗೆ ಹಿಂತಿರುಗುತ್ತಿತ್ತು. ಅರ್ಥಶಾಸ್ತ್ರಜ್ಞರು ಇದಕ್ಕೆ ಯಾವ ಹೆಸರನ್ನಾದರೂ ಇಡಲಿ, ನಾವು ಇದನ್ನು ಮಾತು ನಡೆಯುವ ಮಾರುಕಟ್ಟೆ ಎನ್ನುತ್ತೇವೆ.

ಈಗ ಇದರ ಸ್ಥಾನದಲ್ಲಿ ಬಂದಿರುವುದನ್ನು ನೋಡೋಣ. ಬಡಾವಣೆಯ ಒಳಗಿನ ಒಂದು ಗೋದಾಮು. ಗಿರಾಕಿಗೆ ಒಳಗೆ ಪ್ರವೇಶವಿಲ್ಲ. ಇದನ್ನು ಡಾರ್ಕ್ ಸ್ಟೋರ್ ಎಂದು ಕರೆಯುತ್ತಾರೆ. ಕತ್ತಲೆಯಂಗಡಿ ಎಂದರೆ ಕನ್ನಡದಲ್ಲಿ ಅರ್ಥ ಇನ್ನೂ ಚೆನ್ನಾಗಿ ಆಗುತ್ತದೆ. ಅಲ್ಲಿ ಯಾವ ಮಾಲು ಇರಬೇಕೆಂಬುದನ್ನು ಮಾರಾಟದ ವೇಗ ನೋಡಿ ಯಂತ್ರ ತೀರ್ಮಾನಿಸುತ್ತದೆ. ಬೇಗ ಖರ್ಚಾಗುವುದಕ್ಕೆ ಜಾಗ ಉಂಟು, ನಿಧಾನವಾಗಿ ಖರ್ಚಾಗುವುದಕ್ಕೆ ಇಲ್ಲ. "ಬ್ಯಾಡಗಿ ಮೆಣಸಿನಕಾಯಿ ಅಲ್ಲಿಯೂ ಸಿಗುತ್ತದಲ್ಲ?" ಎಂದು ಯಾರಾದರೂ ಕೇಳಬಹುದು. ಸಿಗುತ್ತದೆ, ಲಕ್ಷಾಂತರ ಜನ ಕೊಳ್ಳುವ ಮಾಲಾಗಿರುವುದರಿಂದ. ಆದರೆ ನಲವತ್ತು ಮನೆಯವರಿಗೆ ಮಾತ್ರ ಬೇಕಾದ ಪದಾರ್ಥವನ್ನು ಯಾರಲ್ಲಿ ಕೇಳುವುದು? "ಅಣ್ಣಾ, ಮುಂದಿನ ವಾರ ತರಿಸಿಕೊಡು" ಎಂದು ಹೇಳಲು ಅಲ್ಲಿ ಅಣ್ಣನೇ ಇಲ್ಲ. ತೆರೆಯ ಮೇಲೆ "ಲಭ್ಯವಿಲ್ಲ" ಎಂಬ ಒಂದು ಸಾಲು, ಅಷ್ಟೇ. ದೊಡ್ಡ ಸಮುದಾಯಕ್ಕೆ ಇದರಿಂದ ತೊಂದರೆಯಿಲ್ಲ. ಅದರ ರುಚಿಯೇ ಯಂತ್ರದ ರುಚಿ. ಸಣ್ಣ ಸಮುದಾಯದ ರುಚಿ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ಇದು ಒಂದೇ ದಿನದಲ್ಲಿ ಆದ ಬದಲಾವಣೆಯಲ್ಲ. ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ವಿತರಣೆಯ ಹಳೆಯ ಪದ್ಧತಿಯನ್ನು ತಿಳಿಯಬೇಕು. ಕಾರ್ಖಾನೆಯಲ್ಲಿ ತಯಾರಾದ ಸಾಬೂನು ಮೊದಲು ಕಂಪನಿಯ ಪ್ರಾದೇಶಿಕ ಏಜೆಂಟನ ಗೋದಾಮಿಗೆ, ಅಲ್ಲಿಂದ ನಗರದ ವಿತರಕನಿಗೆ, ಅಂದರೆ ಸ್ಟಾಕಿಸ್ಟನಿಗೆ, ಅವನಿಂದ ಅಂಗಡಿಗೆ ಬರುತ್ತದೆ. ಮಧ್ಯವರ್ತಿ ಎಂದೊಡನೆ ಮೂಗು ಮುರಿಯುವವರು ಈ ಸ್ಟಾಕಿಸ್ಟ್ ಮಾಡುವ ಕೆಲಸವನ್ನು ನೋಡಬೇಕು. ಅವನು ತನ್ನ ಬಂಡವಾಳ ಹಾಕಿ ಮಾಲು ಎತ್ತುತ್ತಾನೆ. ವಾರಕ್ಕೊಮ್ಮೆ ಅವನ ಸೇಲ್ಸ್‌ಮನ್ ಪ್ರತಿ ಅಂಗಡಿಗೂ ಹೋಗಿ ಆರ್ಡರು ಬರೆದುಕೊಳ್ಳುತ್ತಾನೆ. ಸಣ್ಣ ಅಂಗಡಿಗೆ ಒಂದೆರಡು ವಾರದ ಉದ್ರಿ ಕೊಡುತ್ತಾನೆ. ಒಡೆದದ್ದನ್ನು, ಅವಧಿ ಮುಗಿದದ್ದನ್ನು ಹಿಂದಕ್ಕೆ ಪಡೆಯುತ್ತಾನೆ. ಆ ಉದ್ರಿಯ ಬಲದಿಂದಲೇ ಅಂಗಡಿಯವನು ನಮಗೆ ತಿಂಗಳ ಉದ್ರಿ ಕೊಡುತ್ತಾನೆ. ಅಂದರೆ ಸಂಬಳ ತಡವಾದ ತಿಂಗಳಲ್ಲಿ ನಮ್ಮ ಮನೆಯ ಒಲೆ ಉರಿದದ್ದು ನಾವು ಮುಖವನ್ನೇ ನೋಡದ ಒಬ್ಬ ವಿತರಕನ ಬಂಡವಾಳದಿಂದ.

ಈ ಪದ್ಧತಿಗೆ ಮೊದಲ ಪೆಟ್ಟು ಬಿದ್ದದ್ದು ದೊಡ್ಡ ಅಂಗಡಿಗಳಿಂದ, ಅದೂ ನಮ್ಮ ಹೈದರಾಬಾದಿನಲ್ಲಿಯೇ. 1986ರಲ್ಲಿ ಇಲ್ಲಿ ತ್ರಿನೇತ್ರ ಸೂಪರ್ ಮಾರ್ಕೆಟ್ ಆರಂಭವಾಯಿತು. 2006ರ ನವೆಂಬರಿನಲ್ಲಿ ರಿಲಯನ್ಸ್ ಫ್ರೆಶ್ ದೇಶದಲ್ಲಿಯೇ ತನ್ನ ಮೊದಲ ಅಂಗಡಿಗಳನ್ನು ತೆರೆದದ್ದು ಈ ನಗರದಲ್ಲಿ. ಆಗಲೂ ಕಿರಾಣಿಯ ಕಥೆ ಮುಗಿಯಿತೆಂದರು, ಮುಗಿಯಲಿಲ್ಲ. ಮುಗಿದದ್ದು ಇನ್ನೊಂದು ಬಗೆಯ ಕಥೆ. ತ್ರಿನೇತ್ರವನ್ನು 2007ರಲ್ಲಿ ಬಿರ್ಲಾ ಸಮೂಹ ಕೊಂಡು ಮೋರ್ ಎಂಬ ಹೆಸರಿನಲ್ಲಿ ನಡೆಸಿತು. 2018ರಲ್ಲಿ ಆ ಮೋರ್ ಕೂಡ ಸಮಾರಾ ಕ್ಯಾಪಿಟಲ್ ಮತ್ತು ಅಮೆಜಾನ್ ಪಾಲಾಯಿತು. ಹೈದರಾಬಾದಿನದೇ ಆದ ಹೆರಿಟೇಜ್ ಫ್ರೆಶ್ ಅನ್ನು 2016ರಲ್ಲಿ ಫ್ಯೂಚರ್ ಸಮೂಹ ಕೊಂಡಿತು. 2022ರಲ್ಲಿ ಸಾಲದ ಭಾರದಿಂದ ಆ ಫ್ಯೂಚರ್ ಸಮೂಹವೇ ಕುಸಿದುಬಿತ್ತು, ಬಿಗ್ ಬಜಾರಿನ ಬಾಗಿಲುಗಳು ಮುಚ್ಚಿದವು. ದೊಡ್ಡದು ಶಾಶ್ವತ, ಸಣ್ಣದು ಕ್ಷಣಿಕ ಎಂದು ನಂಬಿದವರು ಈ ಇತಿಹಾಸವನ್ನು ಇನ್ನೊಮ್ಮೆ ಓದಬೇಕು.

ಎರಡನೆಯ ಪೆಟ್ಟು ಹೊರಗೆ ಕಾಣದಂತೆ ಬಿತ್ತು. ಅದು ಅಂಗಡಿಯ ಮೇಲಲ್ಲ, ಅಂಗಡಿಗೆ ಮಾಲು ಕೊಡುವವನ ಮೇಲೆ. 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಉಡಾನ್, ಆಮೇಲೆ ರಿಲಯನ್ಸಿನ ಜಿಯೋಮಾರ್ಟ್ ಮೊದಲಾದವು ಕಿರಾಣಿ ಅಂಗಡಿಯವನಿಗೇ ಫೋನಿನ ಮೂಲಕ ಸಗಟು ಮಾಲು ಮಾರತೊಡಗಿದವು. ದರ ಸ್ಟಾಕಿಸ್ಟನದಕ್ಕಿಂತ ಕಡಿಮೆ. ಅಂಗಡಿಯವನು ಸಂತೋಷಪಟ್ಟ; ಪಡದೆ ಏನು ಮಾಡಿಯಾನು? ಆದರೆ ವಿತರಕರು ಕೇಳಿದ ಪ್ರಶ್ನೆ ನ್ಯಾಯವಾದದ್ದು: "ಒಂದೇ ಕಂಪನಿಯ ಒಂದೇ ಮಾಲು ನಮಗೊಂದು ದರ, ಅವರಿಗೊಂದು ದರ ಏಕೆ?" 2021ರ ಕೊನೆಯಲ್ಲಿ ಅಖಿಲ ಭಾರತ ಗ್ರಾಹಕ ಸಾಮಗ್ರಿ ವಿತರಕರ ಒಕ್ಕೂಟ ಇದೇ ಪ್ರಶ್ನೆಯನ್ನು ಕಂಪನಿಗಳ ಮುಂದಿಟ್ಟಿತು, 2022ರ ಜನವರಿ 1ರಿಂದ ಮಹಾರಾಷ್ಟ್ರದ ವಿತರಕರು ಕೋಲ್ಗೇಟ್ ಕಂಪನಿಯ ಮಾಲು ಹಂಚುವುದನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಹಳ್ಳಿಹಳ್ಳಿಗೆ ತಮ್ಮ ಹೆಸರನ್ನು ಹೊತ್ತು ತಿರುಗಿದ ವಿತರಕನನ್ನು ಕಂಪನಿಗಳು ಈಗ ನಡೆಸಿಕೊಳ್ಳುವ ರೀತಿ ನೋಡಿದರೆ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನೆನಪಾಗುತ್ತದೆ.

ಇನ್ನೊಂದು ವಿಚಿತ್ರವನ್ನು ಗಮನಿಸಿ. ಸಣ್ಣ ವ್ಯಾಪಾರಿಗಳಿಗೆ ಸಗಟು ಮಾಲು ಮಾರುತ್ತಿದ್ದ ಜರ್ಮನಿಯ ಮೆಟ್ರೋ ಕಂಪನಿಯ ಭಾರತದ ವ್ಯವಹಾರವನ್ನು 2023ರಲ್ಲಿ ರಿಲಯನ್ಸ್ 2,850 ಕೋಟಿ ರೂಪಾಯಿಗೆ ಕೊಂಡಿತು. ಈಗ ಕಿರಾಣಿಯವನು ಅಲ್ಲಿ ಮಾಲು ಕೊಂಡರೆ, ತನ್ನ ಎದುರಿನ ಬೀದಿಯಲ್ಲಿ ಚಿಲ್ಲರೆ ಅಂಗಡಿ ತೆರೆದಿರುವ ಪ್ರತಿಸ್ಪರ್ಧಿಯಿಂದಲೇ ಕೊಂಡಂತೆ. ಅವನ ಅಂಗಡಿಯಲ್ಲಿ ಏನು ಖರ್ಚಾಗುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬ ಗುಟ್ಟು ಎದುರಾಳಿಯ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತದೆ. ಈ ಸ್ಪರ್ಧೆಯನ್ನು ಸಮಬಲದ ಸ್ಪರ್ಧೆ ಎನ್ನಲು ನಮಗೆ ಬಾಯಿ ಬಾರದು.

ಮೂರನೆಯ ಪೆಟ್ಟು ನಮಗೆಲ್ಲ ಕಾಣುವಂಥದು. 2020ರಲ್ಲಿ ಸ್ವಿಗ್ಗಿಯ ಇನ್‌ಸ್ಟಾಮಾರ್ಟ್, 2021ರಲ್ಲಿ ಜೆಪ್ಟೋ, ಅದೇ ವರ್ಷ ಗ್ರೋಫರ್ಸ್ ಎಂಬ ಹಳೆಯ ಹೆಸರನ್ನು ಕಳಚಿದ ಬ್ಲಿಂಕಿಟ್. ಹತ್ತು ನಿಮಿಷ ಎಂಬ ಘೋಷಣೆಯೊಂದಿಗೆ ಇವು ಬೆಳೆದವು. ಇಲ್ಲಿ ಸ್ಟಾಕಿಸ್ಟ್ ಬೇಡ, ಸೇಲ್ಸ್‌ಮನ್ ಬೇಡ, ಅಂಗಡಿಯೂ ಬೇಡ. 2024ರ ಅಕ್ಟೋಬರಿನಲ್ಲಿ ಅದೇ ವಿತರಕರ ಒಕ್ಕೂಟ ಸ್ಪರ್ಧಾ ಆಯೋಗದ ಬಾಗಿಲು ತಟ್ಟಿತು. ಹಿಂದಿನ ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು 2 ಲಕ್ಷ ಕಿರಾಣಿ ಅಂಗಡಿಗಳು ಮುಚ್ಚಿವೆಯೆಂದು ಹೇಳಿತು. ಇದು ವ್ಯಾಪಾರಿಗಳ ಲೆಕ್ಕ, ಸರ್ಕಾರದ ಗಣತಿಯಲ್ಲ ಎಂಬುದನ್ನು ನಾವು ಮರೆತಿಲ್ಲ. ಅರ್ಧವನ್ನು ತಳ್ಳಿಹಾಕಿದರೂ ಉಳಿದ ಅರ್ಧ ಸಣ್ಣ ಸಂಖ್ಯೆಯಲ್ಲ.

ಇನ್ನು ಅಗ್ಗದ ಮಾತು. ಕಿರಾಣಿಯವನು ಒಂದು ರೂಪಾಯಿ ನಷ್ಟಕ್ಕೆ ಮಾಲು ಮಾರಿದರೆ ಆ ರೂಪಾಯಿ ಅವನ ಮನೆಯ ಅನ್ನದಿಂದ ಹೋಗುತ್ತದೆ. ಆದ್ದರಿಂದ ಅವನು ಮಾರಲಾರ. ಈ ಕಂಪನಿಗಳಿಗೆ ಆ ಕಷ್ಟವಿಲ್ಲ. ಷೇರು ಮಾರುಕಟ್ಟೆಗೆ ಬರುವ ಮುನ್ನ, 2024ರ ಮಾರ್ಚಿಗೆ ಮುಗಿದ ಒಂದೇ ವರ್ಷದಲ್ಲಿ ಸ್ವಿಗ್ಗಿ ತೋರಿಸಿದ ನಷ್ಟ 2,350 ಕೋಟಿ ರೂಪಾಯಿ. ಅದೇ ವರ್ಷದ ನವೆಂಬರಿನಲ್ಲಿ ಅದು 11,000 ಕೋಟಿ ರೂಪಾಯಿಗೂ ಮಿಗಿಲಾದ ಷೇರುಗಳನ್ನು ಮಾರಾಟಕ್ಕಿಟ್ಟಿತು. ಜೆಪ್ಟೋ 2024ರಲ್ಲಿಯೇ 100 ಕೋಟಿ ಡಾಲರಿಗೂ ಹೆಚ್ಚು ಬಂಡವಾಳವನ್ನು ಹೂಡಿಕೆದಾರರಿಂದ ಪಡೆಯಿತು. ಇಷ್ಟು ನಷ್ಟವನ್ನು ತಾಳಿಕೊಂಡು ಯಾರಾದರೂ ಧರ್ಮಛತ್ರ ನಡೆಸುತ್ತಾರೆಯೇ? ಹೊಲ ಹಸನಾಗುವವರೆಗೆ ಖರ್ಚು, ಆಮೇಲೆ ಸುಗ್ಗಿ. ಎದುರಾಳಿ ಇಲ್ಲದ ದಿನ ಸುಗ್ಗಿ ಆರಂಭವಾಗುತ್ತದೆ. ಅದರ ಮುನ್ಸೂಚನೆಗಳು ಈಗಾಗಲೇ ಬಿಲ್ಲಿನ ಕೆಳಗಿನ ಸಾಲುಗಳಲ್ಲಿ ಕಾಣುತ್ತಿವೆ: ನಿರ್ವಹಣಾ ಶುಲ್ಕ, ವೇದಿಕೆ ಶುಲ್ಕ, ಮಳೆ ಬಂದರೆ ಮಳೆಯ ಶುಲ್ಕ. ಕೇಳದ ವಸ್ತುವನ್ನು ಚೀಲಕ್ಕೆ ಸೇರಿಸುವುದು, ಶುಲ್ಕಗಳನ್ನು ಕೊನೆಯ ಘಳಿಗೆಯಲ್ಲಿ ಒಂದೊಂದಾಗಿ ತೋರಿಸುವುದು ಮುಂತಾದ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೆಸರಿಸಿ ನಿಷೇಧಿಸಬೇಕಾಯಿತೆಂದರೆ, ರೋಗ ಎಷ್ಟು ಹರಡಿರಬೇಕು? ನಮ್ಮ ಅಂಗಡಿಗಳ ಗೋಡೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂಬ ಫಲಕ ತೂಗುತ್ತಿತ್ತು. ಈ ಹೊಸ ವ್ಯಾಪಾರದ ಫಲಕ "ಇಂದು ಅಗ್ಗ, ನಾಳೆ ತುಟ್ಟಿ" ಎಂಬುದು. ಆದರೆ ಅದನ್ನು ಎಲ್ಲಿಯೂ ತೂಗುಹಾಕಿಲ್ಲ.

ಕಾನೂನು ಇಲ್ಲವೇ ಎಂದರೆ, ಉಂಟು. ವಿದೇಶಿ ಬಂಡವಾಳವಿರುವ ಕಂಪನಿ ಆನ್‌ಲೈನಿನಲ್ಲಿ ಸ್ವತಃ ಮಾಲು ಇಟ್ಟು ಮಾರಕೂಡದು. ಬೇರೆ ವ್ಯಾಪಾರಿಗಳಿಗೆ ಸಂತೆಯ ಕಟ್ಟೆಯಂತೆ ಸ್ಥಳ ಒದಗಿಸಬಹುದು, ಅಷ್ಟೇ. ದರದ ಮೇಲೆ ಕೈ ಆಡಿಸಕೂಡದು. 2019ರ ಫೆಬ್ರವರಿ 1ರಿಂದ ಈ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿದರು. ನಡೆದದ್ದೇನು? ಕಟ್ಟೆಯ ಯಜಮಾನನಿಗೆ ಬೇಕಾದವರೇ ಕಟ್ಟೆಯ ದೊಡ್ಡ ವ್ಯಾಪಾರಿಗಳಾದರು. ಅಮೆಜಾನಿನ ವೇದಿಕೆಯಲ್ಲಿ ಬಹುಕಾಲ ಮುಂಚೂಣಿಯಲ್ಲಿದ್ದ ಕ್ಲೌಡ್‌ಟೇಲ್ ಎಂಬುದು ಅಮೆಜಾನ್ ಮತ್ತು ಬೆಂಗಳೂರಿನ ಕೆಟಮರಾನ್ ಸಂಸ್ಥೆಗಳ ಜಂಟಿ ಕಂಪನಿಯ ಒಡೆತನದಲ್ಲಿತ್ತು. 2022ರಲ್ಲಿ ಆ ಪಾಲುದಾರಿಕೆ ಕೊನೆಗೊಂಡಿತು. ದಿಲ್ಲಿಯ ವ್ಯಾಪಾರಿ ಮಹಾಸಂಘದ ದೂರಿನ ಮೇಲೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ಸ್ಪರ್ಧಾ ಆಯೋಗ ತನಿಖೆಗೆ ಆಜ್ಞೆ ಮಾಡಿದ್ದು 2020ರ ಜನವರಿಯಲ್ಲಿ. ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಹೋದವು; 2021ರ ಜೂನ್ ತಿಂಗಳಲ್ಲಿ ಹೈಕೋರ್ಟು ಅವರ ಅರ್ಜಿಗಳನ್ನು ತಳ್ಳಿಹಾಕಿತು. ತನಿಖಾ ವರದಿ ನಿಯಮೋಲ್ಲಂಘನೆಯನ್ನು ಕಂಡಿದೆಯೆಂಬ ಸುದ್ದಿ ಹೊರಬರುವ ಹೊತ್ತಿಗೆ 2024 ಆಗಿತ್ತು. ಈ ನಾಲ್ಕೂವರೆ ವರ್ಷ ಕಂಪನಿಗಳಿಗೆ ವಕೀಲರ ಖರ್ಚು. ಸಣ್ಣ ಅಂಗಡಿಗೆ ಒಂದು ಆಯುಷ್ಯ.

ಸಣ್ಣವನ ಪಾಲಿಗೆ ಮಾತ್ರ ಕಾನೂನಿಗೆ ಕಾಲು ಬಹಳ ಚುರುಕು. 2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ತರಕಾರಿ, ಬೀಡಾ ಅಂಗಡಿಗಳಿಗೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸುಗಳು ಬಂದವು. ಹೆದರಿದ ವ್ಯಾಪಾರಿಗಳು ಕ್ಯೂಆರ್ ಫಲಕಗಳನ್ನೇ ಕಿತ್ತಿಟ್ಟರು. ತೆರಿಗೆ ಕೊಡಬಾರದೆಂದು ನಾವು ಹೇಳುತ್ತಿಲ್ಲ. ಬೀಡಾ ಅಂಗಡಿಯ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ನೋಡಬಲ್ಲ ಕಣ್ಣು ಸಾವಿರ ಕೋಟಿಯ ನಷ್ಟದ ಮೂಲವನ್ನೂ ಅಷ್ಟೇ ಸೂಕ್ಷ್ಮವಾಗಿ ನೋಡಲಿ ಎನ್ನುತ್ತೇವೆ.

ಎದುರು ಪಕ್ಷದ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲದಿಲ್ಲ. ಕಿರಾಣಿ ಅಂಗಡಿಯವನೆಲ್ಲ ಸತ್ಯಹರಿಶ್ಚಂದ್ರನಲ್ಲ. ತಕ್ಕಡಿಯಲ್ಲಿ ಕೈಚಳಕ ತೋರುವವರಿದ್ದಾರೆ, ಬಿಲ್ಲು ಕೊಡದವರಿದ್ದಾರೆ, ಹಳೆಯ ಮಾಲನ್ನು ಮುಂದಿಟ್ಟು ಹೊಸದನ್ನು ಹಿಂದಿಡುವವರಿದ್ದಾರೆ. ಭಾಷೆ ಬಾರದ ಹೊಸಬರಿಗೆ ಬೇರೆ ದರ ಹೇಳಿದ ಪ್ರಸಂಗಗಳೂ ಉಂಟು. ಮಕ್ಕಳು ಪರದೇಶದಲ್ಲಿದ್ದು ಮೂರನೆಯ ಮಹಡಿಯಲ್ಲಿ ಇಬ್ಬರೇ ಇರುವ ವೃದ್ಧ ದಂಪತಿಗಳಿಗೆ, ಹಸುಗೂಸನ್ನು ಬಿಟ್ಟು ಹೊರಗೆ ಹೋಗಲಾರದ ತಾಯಿಗೆ ಮನೆಬಾಗಿಲಿಗೆ ಹಾಲು ಬರುವುದು ದೊಡ್ಡ ಉಪಕಾರ. ಅಂಥವರನ್ನು ಯಾರೂ ದೂಷಿಸಬಾರದು. ಹಾಗೆಯೇ, 2019ರಲ್ಲಿ ನಾನಕರಾಮಗುಡದಲ್ಲಿ ಎದ್ದ ಅಮೆಜಾನಿನ ಬೃಹತ್ ಕಟ್ಟಡದಲ್ಲಿ, ಇಂಥ ಇತರ ಕಂಪನಿಗಳಲ್ಲಿ ನಮ್ಮವರೇ ಆದ ಎಷ್ಟೋ ಮಕ್ಕಳು ದುಡಿಯುತ್ತಿದ್ದಾರೆ. ಅವರ ಅನ್ನಕ್ಕೆ ಕಲ್ಲು ಹಾಕುವ ಉದ್ದೇಶವೂ ನಮ್ಮದಲ್ಲ.

ಆದರೆ ಅಂಗಡಿಯವನ ತಪ್ಪಿಗೂ ಕಂಪನಿಯ ತಪ್ಪಿಗೂ ಒಂದು ವ್ಯತ್ಯಾಸವಿದೆ. ಅಂಗಡಿಯವನು ಕಲ್ಲು ಬೆರೆತ ಬೇಳೆ ಕೊಟ್ಟರೆ ಅದನ್ನು ಅವನ ಮುಂದೆ ಸುರಿದು ಜಗಳವಾಡಬಹುದು. ನಾಲ್ಕು ಜನ ಕೂಡುತ್ತಾರೆ, ಅವನ ಮಾನ ಹೋಗುತ್ತದೆ, ಬೇಳೆ ಬದಲಾಗುತ್ತದೆ. ಅವನು ಸರಿಯಿಲ್ಲದಿದ್ದರೆ ಪಕ್ಕದ ಓಣಿಯಲ್ಲಿ ಇನ್ನೊಬ್ಬನಿದ್ದಾನೆ. ಇಡೀ ನಗರಕ್ಕೆ ಎರಡು ಮೂರು ಕಂಪನಿಗಳೇ ಉಳಿದ ದಿನ ಯಾರೊಡನೆ ಜಗಳವಾಡುವುದು? ಯಂತ್ರ ಬರೆದ ಕ್ಷಮಾಪಣೆಯೊಡನೆಯೇ? 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಆನ್‌ಲೈನ್ ಕಂಪನಿಗಳ ಸೇವೆ ತಡವರಿಸಿದ್ದನ್ನೂ, ಅರ್ಧ ಬಾಗಿಲು ತೆರೆದು ನಿಂತ ಅಂಗಡಿಗಳು ಓಣಿಗಳನ್ನು ಸಲಹಿದ್ದನ್ನೂ ಇಷ್ಟು ಬೇಗ ಮರೆತರೆ ಹೇಗೆ?

ಮಧ್ಯವರ್ತಿ ಹೋಗುತ್ತಾನೆ, ಉತ್ಪಾದಕನಿಗೂ ಗ್ರಾಹಕನಿಗೂ ಲಾಭ ಎನ್ನುವುದು ಇನ್ನೊಂದು ವಾದ. ಮಧ್ಯವರ್ತಿ ಹೋಗಿಲ್ಲ, ಹಲವು ಸಣ್ಣ ಮಧ್ಯವರ್ತಿಗಳ ಜಾಗದಲ್ಲಿ ಒಬ್ಬ ಭಾರಿ ಮಧ್ಯವರ್ತಿ ಕುಳಿತಿದ್ದಾನೆ. ತನ್ನ ಮಾಲು ತೆರೆಯ ಮೇಲ್ಭಾಗದಲ್ಲಿ ಕಾಣಬೇಕಾದರೆ ಉತ್ಪಾದಕ ಅವನಿಗೆ ಕಮಿಷನ್ ಕೊಡಬೇಕು, ಜಾಹೀರಾತಿನ ಹಣ ಬೇರೆ ಕೊಡಬೇಕು. ಇದರಿಂದ ಪೆಟ್ಟು ತಿನ್ನುವವರು ಯಾರು? ನಮ್ಮ ನಡುವೆಯೇ ಇರುವ ಸಣ್ಣ ಉತ್ಪಾದಕರು. ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ, ಶೇಂಗಾ ಹಿಂಡಿ ಕುಟ್ಟಿ, ಹಪ್ಪಳ ಸಂಡಿಗೆ ಒಣಗಿಸಿ ಸಂಸಾರ ತೂಗಿಸುವ ತಾಯಂದಿರಿಗೆ ಮಾರಾಟದ ಬಾಗಿಲೆಂದರೆ ಪಕ್ಕದ ಕಿರಾಣಿ ಅಂಗಡಿ. ಇಪ್ಪತ್ತು ಪೊಟ್ಟಣ ಇಟ್ಟು ಬಂದರೆ ವಾರದ ಕೊನೆಗೆ ಖರ್ಚಾದಷ್ಟಕ್ಕೆ ಹಣ. ಈ ಇಪ್ಪತ್ತು ಪೊಟ್ಟಣಕ್ಕೆ ಕತ್ತಲೆಯಂಗಡಿಯಲ್ಲಿ ಜಾಗವಿಲ್ಲ. ಅಂಗಡಿ ಮುಚ್ಚಿದ ದಿನ ಆ ತಾಯಿಯ ಉದ್ಯೋಗವೂ ಸದ್ದಿಲ್ಲದೆ ಮುಚ್ಚುತ್ತದೆ. ಅದು ಯಾವ ಅಂಕಿಅಂಶದಲ್ಲಿಯೂ ಸೇರುವುದಿಲ್ಲ.

ಹೊಸ ಉದ್ಯೋಗ ಬಂತಲ್ಲ ಎನ್ನುವವರು ಗಾಡಿಯ ಮೇಲೆ ಓಡಾಡುವ ಹುಡುಗರ ಮುಖವನ್ನು ನೋಡಲಿ. ಸ್ಟಾಕಿಸ್ಟನ ಸೇಲ್ಸ್‌ಮನ್ನನಿಗೆ ತಿಂಗಳ ಸಂಬಳವಿತ್ತು, ಹತ್ತು ವರ್ಷ ದುಡಿದು ವ್ಯಾಪಾರದ ಗುಟ್ಟು ಕಲಿತು ತಾನೇ ಅಂಗಡಿ ತೆರೆಯುವ ಆಸೆಯಿತ್ತು. ಈ ಹುಡುಗರನ್ನು ನೌಕರರೆಂದೂ ಕರೆಯದೆ ಪಾಲುದಾರರೆಂದು ಕರೆಯುತ್ತಾರೆ. ಪಾಲು ಯಾವುದರಲ್ಲಿ ಎಂದು ಕೇಳಬೇಡಿ. ಇವರ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾಯಿದೆ ತಂದಿತು. ತೆಲಂಗಾಣ ಅದೇ ವರ್ಷದ ಏಪ್ರಿಲ್‌ನಲ್ಲಿ ಕರಡು ಮಸೂದೆ ಪ್ರಕಟಿಸಿತು. ಕಾಯಿದೆ ಬೇಕಾಯಿತೆಂಬುದೇ ಸ್ಥಿತಿ ಹೇಗಿತ್ತೆಂಬುದಕ್ಕೆ ಸಾಕ್ಷಿ.

ಯಂತ್ರದ ಮೇಲೆ ನಮಗೆ ಹಗೆಯಿಲ್ಲ ಎಂಬುದನ್ನು ಒತ್ತಿ ಹೇಳುತ್ತೇವೆ. 2016ರಲ್ಲಿ ಬಂದ ಯುಪಿಐ ಕೂಡ ಯಂತ್ರವೇ. ಸೊಪ್ಪು ಮಾರುವ ಮುದುಕಿಗೂ ಅದು ಆಯಿತು. ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದ ಆನ್‌ಲೈನ್ ಹರಾಜು ನಡೆಸುತ್ತಿರುವ ಏಕೀಕೃತ ಮಾರುಕಟ್ಟೆ ವೇದಿಕೆಯೂ ಯಂತ್ರವೇ. ಇವು ಊರ ರಸ್ತೆಗಳಿದ್ದಂತೆ, ಯಾರು ಬೇಕಾದರೂ ನಡೆಯಬಹುದು. ಖಾಸಗಿ ವೇದಿಕೆ ಹಾಗಲ್ಲ. ಅದು ಒಬ್ಬನ ಹೊಲದೊಳಗಿನ ದಾರಿ, ಬಾಗಿಲ ಕೀಲಿ ಅವನ ಸೊಂಟದಲ್ಲಿ. ಸಣ್ಣ ಅಂಗಡಿಯವನೂ ಆನ್‌ಲೈನಿನಲ್ಲಿ ಮಾರುವಂತಾಗಲೆಂದು ಕೇಂದ್ರ ಸರ್ಕಾರ ಒಎನ್‌ಡಿಸಿ ಎಂಬ ಜಾಲವನ್ನು 2022ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ ಐದು ನಗರಗಳಲ್ಲಿ ಪ್ರಯೋಗಕ್ಕೆ ತಂದಿತು. ಉದ್ದೇಶ ಒಳ್ಳೆಯದು. ರಸ್ತೆ ಮಾಡಿದರೆ ಸಾಲದು, ಆ ರಸ್ತೆಯಲ್ಲಿ ನಡೆಯಲು ಸಣ್ಣವನಿಗೆ ಕಲಿಸುವವರು ಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ಸರ್ಕಾರದಿಂದ ಕೇಳಬೇಕಾದದ್ದು ಮೂರೇ ಮಾತು: ಕಂಪನಿಗಳು ಒಂದೇ ಪ್ರಮಾಣದ ಖರೀದಿಗೆ ಎಲ್ಲರಿಗೂ ಒಂದೇ ದರ ಹಾಕಬೇಕು, ಕೊಂಡ ದರಕ್ಕಿಂತ ಕಡಿಮೆಗೆ ವರ್ಷಗಟ್ಟಲೆ ಮಾರುವುದನ್ನು ತಡೆಯಬೇಕು, ಸ್ಪರ್ಧಾ ಆಯೋಗದ ತನಿಖೆಗಳಿಗೆ ಗಡುವು ಇರಬೇಕು. ವ್ಯಾಪಾರಿ ಮಿತ್ರರಿಗೂ ಮೂರು ಮಾತು: ತೂಕ ಸರಿಯಿರಲಿ, ಬಿಲ್ಲು ಕೊಡಿ, ಅವಧಿ ಮುಗಿದ ಮಾಲನ್ನು ನಾಚಿಕೆಯಿಲ್ಲದೆ ಮಾರಬೇಡಿ. ಗಿರಾಕಿಯ ವಿಶ್ವಾಸವೇ ನಿಮ್ಮ ಬಂಡವಾಳ. ಅದನ್ನು ನೀವೇ ಕಳೆದುಕೊಂಡರೆ ಯಾರೂ ಕಾಪಾಡಲಾರರು.

ನಮ್ಮ ಕುಟುಂಬಗಳಿಗೆ ಹೇಳಬೇಕಾದದ್ದು ಇನ್ನೂ ಸರಳ. ಉಪ್ಪು ಮುಗಿದಾಗ ಮಾತ್ರ ಓಣಿಯ ಅಂಗಡಿಯನ್ನು ನೆನೆಯಬೇಡಿ. ತಿಂಗಳ ಸಾಮಾನಿನ ಚೀಟಿಯಲ್ಲಿ ಅರ್ಧವನ್ನಾದರೂ ಅಲ್ಲಿಗೆ ಕೊಡಿ. ಉದ್ರಿ ಬರೆಸಿದರೆ ತಿಂಗಳೊಳಗೆ ತೀರಿಸಿ; ತೀರದ ಉದ್ರಿಯೂ ಅಂಗಡಿ ಮುಚ್ಚಿಸುತ್ತದೆ. ಬೇಕಾದ ಪದಾರ್ಥ ಇಲ್ಲದಿದ್ದರೆ ಸುಮ್ಮನೆ ಹಿಂತಿರುಗದೆ ಬಾಯಿಬಿಟ್ಟು ಕೇಳಿ. ಹತ್ತು ಮನೆಯವರು ಒಟ್ಟಾಗಿ ಕೇಳಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆಯನ್ನು ಒಂದು ಬಡಾವಣೆಯ ಕನ್ನಡಿಗರೆಲ್ಲ ಸೇರಿ ಒಬ್ಬನೇ ಅಂಗಡಿಯವನ ಮೂಲಕ ಚೀಲಗಟ್ಟಲೆ ತರಿಸಿದರೆ ದರವೂ ಇಳಿಯುತ್ತದೆ, ಅಂಗಡಿಯೂ ಉಳಿಯುತ್ತದೆ. ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ನಮ್ಮ ತರುಣರು ತಿಂಗಳಿಗೊಂದು ಭಾನುವಾರ ಮೀಸಲಿಟ್ಟು ಇಂಥ ಅಂಗಡಿಗಳಿಗೆ ವಾಟ್ಸಾಪಿನಲ್ಲಿ ಆರ್ಡರು ತೆಗೆದುಕೊಳ್ಳುವುದನ್ನೂ, ಲೆಕ್ಕ ಇಡುವುದನ್ನೂ, ಒಎನ್‌ಡಿಸಿ ಸೇರುವುದನ್ನೂ ಕಲಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಕನ್ನಡ ಸೇವೆ ಇನ್ನೊಂದಿಲ್ಲ.

ಸಂಘವೂ ಕೈಕಟ್ಟಿ ಕೂರಬಾರದು. ಯಾವ ಬಡಾವಣೆಯ ಯಾವ ಅಂಗಡಿಯಲ್ಲಿ ನಮ್ಮ ಕಡೆಯ ಪದಾರ್ಥಗಳು ದೊರೆಯುತ್ತವೆ, ಯಾವ ತಾಯಂದಿರು ರೊಟ್ಟಿ ಹಿಂಡಿಗಳನ್ನು ತಯಾರಿಸುತ್ತಾರೆ ಎಂಬ ಪಟ್ಟಿಯೊಂದನ್ನು ಪತ್ರಿಕೆಯಲ್ಲಿ ಪ್ರಕಟಿಸುವುದು ಕಷ್ಟದ ಕೆಲಸವೇನಲ್ಲ. ಕಾಚಿಗುಡದಿಂದ ಕೊಂಡಾಪುರದವರೆಗೆ ಹರಡಿರುವ ಸದಸ್ಯರು ತಮ್ಮ ಓಣಿಯ ಅಂಗಡಿಯ ವಿವರವನ್ನು, ಅಂಗಡಿಯವರ ಒಪ್ಪಿಗೆ ಪಡೆದು, ಒಂದು ಕಾಗದದಲ್ಲಿ ಬರೆದು ಕಳುಹಿಸಿದರೆ ಸಾಕು. ಸಂಕ್ರಾಂತಿಯ ಎಳ್ಳುಬೆಲ್ಲಕ್ಕಾಗಿ ಎಲ್ಲರೂ ಪರದಾಡುವ ಮೊದಲೇ ಆ ಪಟ್ಟಿ ಸಿದ್ಧವಾಗಲಿ.